ಕಿತ್ತ ಕಣ್ಣು, ಕಡಿದ ಕೈ: ಹಿಂದೂಪುರ–ಕಲ್ಯಾಣದುರ್ಗ ಗಡಿನಾಡಿನಲ್ಲಿ ಒಂದು ಸುವಾರ್ತಾವಾಕ್ಯದ ಅರ್ಥಸಂಚಾರ

ಪಾಪಕ್ಕೆ ಕಾರಣವಾಗುವ ಕಣ್ಣನ್ನು ಕೀಳಬೇಕು, ಕೈಯನ್ನು ಕಡಿಯಬೇಕು ಎಂಬ ಯೇಸುವಿನ ಮಾತು ಸುವಾರ್ತೆಗಳಲ್ಲಿ ಮೂರು ಕಡೆ ಬರುತ್ತದೆ. ಮತ್ತಾಯನ ೫ನೆಯ ಅಧ್ಯಾಯದಲ್ಲಿ ಅದು ಪರ್ವತಪ್ರಸಂಗದ ಭಾಗ. ಅಲ್ಲಿ ಬಲಗಣ್ಣು ಮತ್ತು ಬಲಗೈಗಳ ಪ್ರಸ್ತಾಪವಿದೆ. ಮತ್ತಾಯನ ೧೮ನೆಯ ಅಧ್ಯಾಯದಲ್ಲಿಯೂ ಮಾರ್ಕನ ೯ನೆಯ ಅಧ್ಯಾಯದಲ್ಲಿಯೂ ಕೈ ಮತ್ತು ಕಣ್ಣುಗಳೊಡನೆ ಕಾಲೂ ಸೇರಿಕೊಳ್ಳುತ್ತದೆ. ಇಡೀ ದೇಹದೊಡನೆ ನರಕಕ್ಕೆ ಬೀಳುವುದಕ್ಕಿಂತ ಊನಾಂಗನಾಗಿ ಜೀವವನ್ನು ಸೇರುವುದು ಲೇಸು ಎಂಬುದು ಮೂರೂ ಕಡೆಯ ಸಾರ. ಇದು ಉಪಮಾನದ ಮಾತೋ ಆದೇಶವೋ ಎಂಬ ಪ್ರಶ್ನೆ ಕ್ರೈಸ್ತ ವ್ಯಾಖ್ಯಾನಪರಂಪರೆಯಷ್ಟೇ ಹಳೆಯದು. ಆದರೆ ಒಂದು ವಾಕ್ಯ ಒಂದು ನೆಲಕ್ಕೆ ಬಂದಾಗ ಆ ನೆಲದ ಕಥೆಗಳ ನಡುವೆಯೇ ಅದು ಅರ್ಥವಾಗಬೇಕಾಗುತ್ತದೆ. ಈಗಾಗಲೇ ಕಿತ್ತ ಕಣ್ಣುಗಳ ನೆನಪಿರುವ ನಾಡಿನಲ್ಲಿ ಈ ಮಾತು ಯಾವ ಅರ್ಥಗಳನ್ನು ಎದುರುಗೊಳ್ಳುತ್ತದೆ ಎಂಬುದನ್ನು ಹಿಂದೂಪುರ ಮತ್ತು ಕಲ್ಯಾಣದುರ್ಗಗಳ ಸೀಮೆಯನ್ನು ಆಧರಿಸಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಸೀಮೆಯ ಆಡಳಿತದ ಇತಿಹಾಸವೇ ಅದರ ಭಾಷಾಸ್ಥಿತಿಗೆ ಪೀಠಿಕೆಯಾಗಿದೆ. ನಿಜಾಮನು ೧೮೦೦ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲಗಳಲ್ಲಿ ಇಂದಿನ ಬಳ್ಳಾರಿ ಮತ್ತು ಅನಂತಪುರ ಪ್ರದೇಶಗಳು ಸೇರಿದ್ದವು; ಥಾಮಸ್ ಮನ್ರೋ ಅವುಗಳ ಮುಖ್ಯ ಕಲೆಕ್ಟರನಾಗಿದ್ದನು. ಅನಂತಪುರವು ಬಳ್ಳಾರಿಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು ೧೮೮೨ರಲ್ಲಿ. ೧೯೫೩ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಬಳ್ಳಾರಿ ಮೈಸೂರಿಗೆ ಬಂದಿತು. ೨೦೨೨ರ ಜಿಲ್ಲಾ ಪುನರ್ವಿಂಗಡಣೆಯಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಹೀಗೆ ಗೆರೆಗಳು ಪುನಃ ಪುನಃ ಎಳೆಯಲ್ಪಟ್ಟರೂ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಎಂಬ ಬದುಕು ಈ ಸೀಮೆಯ ಅನೇಕ ಹಳ್ಳಿಗಳಲ್ಲಿ ಮುಂದುವರಿದಿದೆ.

ಕನ್ನಡ ಬೈಬಲ್ಲಿನ ಇತಿಹಾಸವೂ ಇದೇ ಅವಿಭಜಿತ ಬಳ್ಳಾರಿಯಲ್ಲಿ ಬೇರೂರಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಯಲ್ಲಿ ನೆಲೆಸಿ ಭಾಷಾಂತರಕ್ಕೆ ತೊಡಗಿದನು. ಅವನ ಸಹೋದ್ಯೋಗಿ ವಿಲಿಯಂ ರೀವ್‌ನ ಕನ್ನಡ–ಇಂಗ್ಲಿಷ್ ನಿಘಂಟು ೧೮೩೨ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ತೆಲುಗಿನ ಕಾರ್ಯಕ್ಕೆ ಅದೇ ಸಂಸ್ಥೆ ಕಡಪ ಮತ್ತು ವಿಶಾಖಪಟ್ಟಣಗಳನ್ನು ಆಶ್ರಯಿಸಿತು. ಗಡಿಯ ಕ್ರೈಸ್ತ ಕುಟುಂಬಗಳಿಗೆ ಎರಡೂ ಪಾಠಗಳು ಕೈಗೆಟುಕುವಂತಾದುದರಿಂದ, ಇಲ್ಲಿ ಒಂದು ವಾಕ್ಯದ ಅರ್ಥ ಎರಡು ಭಾಷೆಗಳ ನಡುವಿನ ಹೋಲಿಕೆಯಲ್ಲಿಯೇ ನಿರ್ಧಾರವಾಗುವ ಸಂದರ್ಭ ಒದಗಿತು.

ಆ ಹೋಲಿಕೆ ಒಂದೇ ಕ್ರಿಯಾಪದದಲ್ಲಿ ಕಾಣುತ್ತದೆ. ಗ್ರೀಕ್ ಮೂಲದ ‘ಸ್ಕಂದಲಿಜೊ’ ಎಂಬ ಕ್ರಿಯಾಪದ ‘ಸ್ಕಂದಲೋನ್’ ಎಂಬ ನಾಮಪದದಿಂದ ಬಂದದ್ದು. ಬೋನಿನಲ್ಲಿ ಆಹಾರ ಕಟ್ಟಿದ, ತಾಗಿದರೆ ಬಾಗಿಲು ಬೀಳುವ ಕಡ್ಡಿ ಎಂಬುದು ಆ ಪದದ ಬೇರಿನ ಅರ್ಥ. ಕನ್ನಡದ ಪ್ರಚಲಿತ ಹಳೆಯ ಪಾಠ ಇಲ್ಲಿ ಪಾಪದಲ್ಲಿ ‘ಸಿಕ್ಕಿಸು’ ಎಂಬ ಮಾತನ್ನು ಬಳಸಿದರೆ, ತೆಲುಗು ಪಾಠ ‘ಅಭ್ಯಂತರ’ ಎಂಬ ಸಂಸ್ಕೃತ ಪದವನ್ನು ಆಶ್ರಯಿಸುತ್ತದೆ. ತೆಲುಗಿನ ಪದದಲ್ಲಿ ದಾರಿಗೆ ಅಡ್ಡ ಬಂದದ್ದರ ಸೂಚನೆಯಿದೆ. ಕನ್ನಡದ ಪದದಲ್ಲಿ ಬಲೆಗೆ ಬಿದ್ದ ಪ್ರಾಣಿಯ ಚಿತ್ರವಿದೆ. ಅಡ್ಡಿಯನ್ನು ಸರಿಸಿ ಮುಂದೆ ನಡೆಯಬಹುದು. ಸಿಕ್ಕಿಕೊಂಡದ್ದನ್ನು ಬಿಡಿಸಲು ಏನನ್ನಾದರೂ ಕತ್ತರಿಸಲೇಬೇಕು. ‘ಸಿಕ್ಕು’ ಎಂಬ ದೇಸಿ ಪದ ಮೂಲದ ರೂಪಕವನ್ನು ಉಳಿಸಿಕೊಂಡು, ಅನಂತರ ಬರುವ ‘ಕಡಿ’, ‘ಕೀಳು’ ಎಂಬ ಕಠಿಣ ಕ್ರಿಯೆಗಳಿಗೆ ತರ್ಕವನ್ನೂ ಒದಗಿಸುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ‘ಗೆಹೆನ್ನ’ ಎಂಬಲ್ಲಿ ಎರಡೂ ಭಾಷೆಗಳು ‘ನರಕ’ವನ್ನೇ ಆರಿಸಿದವು. ಜೆರುಸಲೇಮಿನ ಬಳಿಯ ಹಿನ್ನೋಮ್ ಕಣಿವೆಯ ಹೆಸರು ಅದು. ಮಕ್ಕಳನ್ನು ಬೆಂಕಿಗೆ ಆಹುತಿ ಕೊಟ್ಟ ಸ್ಥಳವೆಂದು ಯೆರೆಮೀಯನು ಖಂಡಿಸಿದ ಕಣಿವೆ. ‘ನರಕ’ ಎಂದ ಕೂಡಲೇ ಆ ಸ್ಥಳದ ಚರಿತ್ರೆ ಮರೆಯಾಗಿ, ಯಮನ ಪಟ್ಟಣದ ಶಿಕ್ಷೆಗಳ ಪುರಾಣಲೋಕ ತೆರೆದುಕೊಳ್ಳುತ್ತದೆ. ಅಂಗಕ್ಕೆ ಅಂಗದ ಶಿಕ್ಷೆಯನ್ನು ವರ್ಣಿಸುವ ಆ ಲೋಕದಲ್ಲಿ ಕಣ್ಣು ಕೀಳುವ ಮಾತು ವಾಚ್ಯಾರ್ಥದಲ್ಲಿಯೇ ಕೇಳಿಸುವ ಸಾಧ್ಯತೆ ಹೆಚ್ಚು.

ವಾಚ್ಯಾರ್ಥಕ್ಕೆ ಬಲ ಕೊಡುವ ನೆನಪುಗಳು ಈ ನೆಲದಲ್ಲಿ ಇನ್ನೂ ಹತ್ತಿರವಿವೆ. ಹಿಂದೂಪುರದಿಂದ ಸುಮಾರು ೧೫ ಕಿಲೋಮೀಟರ್ ದೂರದ ಲೇಪಾಕ್ಷಿಯ ವೀರಭದ್ರ ದೇವಾಲಯ ವಿಜಯನಗರದ ಅಚ್ಯುತರಾಯನ (೧೫೨೯–೧೫೪೨) ಕಾಲದಲ್ಲಿ ವಿರೂಪಣ್ಣ ಮತ್ತು ವೀರಣ್ಣ ಎಂಬ ಸಹೋದರರಿಂದ ವಿಸ್ತಾರ ಪಡೆಯಿತು. ಅಲ್ಲಿ ಆ ಕಾಲದ ಕನ್ನಡ ಶಾಸನಗಳಿವೆ. ಶಾಸನಗಳು ಹೇಳುವುದು ದಾನದತ್ತಿಗಳನ್ನು. ಜನ ಹೇಳುವುದು ಬೇರೊಂದು ಕಥೆಯನ್ನು. ಅರಸನ ಅಪ್ಪಣೆಯಿಲ್ಲದೆ ಬೊಕ್ಕಸದ ಹಣವನ್ನು ಗುಡಿಗೆ ಸುರಿದನೆಂಬ ಆರೋಪ ವಿರೂಪಣ್ಣನ ಮೇಲೆ ಬಂದಿತು. ಕಣ್ಣು ಕೀಳಿಸುವ ಆಜ್ಞೆಯಾಯಿತು. ರಾಜಭಟರು ಮುಟ್ಟುವ ಮುನ್ನವೇ ಅವನು ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನು. ಅಪೂರ್ಣವಾಗಿ ಉಳಿದ ಕಲ್ಯಾಣಮಂಟಪದ ಸಮೀಪದ ಗೋಡೆಯ ಎರಡು ಕೆಂಪು ಗುರುತುಗಳನ್ನು ಇಂದಿಗೂ ಆ ಕಣ್ಣುಗಳ ಕಲೆಯೆಂದು ತೋರಿಸುತ್ತಾರೆ.

ಕಲ್ಯಾಣದುರ್ಗದ ಕಡೆ ಬಂದರೆ ಮತ್ತೊಂದು ಕಣ್ಣಿನ ಕಥೆ ಮುಖ್ಯವಾಗುತ್ತದೆ. ಸ್ಥಳೀಯ ಐತಿಹ್ಯ ಈ ಊರಿನ ಹೆಸರನ್ನು ಬೇಡ ಸಮುದಾಯದ ಪಾಳೆಯಗಾರ ಕಲ್ಯಾಣಪ್ಪನೊಂದಿಗೆ ಜೋಡಿಸುತ್ತದೆ. ತೆಲುಗಿನಲ್ಲಿ ಬೋಯ ಎಂದು ಕರೆಯಲ್ಪಡುವ ಈ ಸಮುದಾಯ ಇಂದಿಗೂ ಇಲ್ಲಿ ಗಣನೀಯ ಸಂಖ್ಯೆಯಲ್ಲಿದೆ. ಕಾಳಹಸ್ತಿಯ ಲಿಂಗದ ಕಣ್ಣಿನಿಂದ ರಕ್ತ ಸೋರಿದಾಗ ತನ್ನ ಕಣ್ಣನ್ನು ಕಿತ್ತಿಟ್ಟ ಬೇಡರ ಕಣ್ಣಪ್ಪನ ಕಥೆ ಕನ್ನಡದಲ್ಲಿ ಹರಿಹರನ ರಗಳೆಯಾಗಿದೆ. ತೆಲುಗಿನಲ್ಲಿ ಧೂರ್ಜಟಿಯ ಕಾಳಹಸ್ತೀಶ್ವರ ಮಾಹಾತ್ಮ್ಯದ ಭಾಗವಾಗಿದೆ. ೧೯೫೪ರಲ್ಲಿ ರಾಜಕುಮಾರ್ ಅವರು ‘ಬೇಡರ ಕಣ್ಣಪ್ಪ’ನಾಗಿ ಕನ್ನಡ ತೆರೆಗೆ ಬಂದರು, ಅದೇ ಕಥೆಯ ತೆಲುಗು ಚಿತ್ರದಲ್ಲಿಯೂ ಅವರೇ ನಟಿಸಿದರು. ಎರಡು ಭಾಷೆಗಳ ಗಡಿಯಲ್ಲಿ ಎರಡೂ ಭಾಷೆಗಳಿಗೆ ಸಮಾನವಾಗಿ ಸೇರಿದ ಕಥೆಯಿದು. ಇನ್ನು ಶ್ರೀಶೈಲದಲ್ಲಿ ರೆಡ್ಡಿ ಅರಸ ಅನವೇಮನು ೧೪ನೆಯ ಶತಮಾನದಲ್ಲಿ ಕಟ್ಟಿಸಿದ ವೀರಶಿರೋಮಂಟಪ, ವೀರಭಕ್ತರು ತಲೆಯನ್ನೂ ನಾಲಗೆಯನ್ನೂ ಅರ್ಪಿಸುತ್ತಿದ್ದ ಆಚರಣೆಗೆ ಶಾಸನದ ಆಧಾರ ಒದಗಿಸುತ್ತದೆ. ಅಂಗಚ್ಛೇದನ ಇಲ್ಲಿ ಬರಿಯ ಕವಿಸಮಯವಾಗಿರಲಿಲ್ಲ.

ಆದರೆ ಈ ಕಥೆಗಳನ್ನು ಸುವಾರ್ತಾವಾಕ್ಯದ ಪಕ್ಕದಲ್ಲಿಟ್ಟು ನೋಡಿದಾಗ ಹೋಲಿಕೆಗಿಂತ ಭೇದವೇ ಬೆಳಕಿಗೆ ಬರುತ್ತದೆ. ಕಣ್ಣಪ್ಪನ ಕಣ್ಣು ಕಾಣಿಕೆ. ಅದು ಅವನಲ್ಲಿರುವ ಅತ್ಯಂತ ಒಳ್ಳೆಯ ವಸ್ತುವಾದ್ದರಿಂದಲೇ ದೇವರಿಗೆ ಸಲ್ಲುತ್ತದೆ. ದೇವರು ಕೈಹಿಡಿದು ತಡೆಯುವುದರಲ್ಲಿ ಕಥೆ ಸಾರ್ಥಕವಾಗುತ್ತದೆ. ವಿರೂಪಣ್ಣನ ಕಣ್ಣು ಸಾಕ್ಷ್ಯ. ಅಪರಾಧಿಯೆಂದು ಒಪ್ಪಿ ಅವನು ಅದನ್ನು ಕೀಳಲಿಲ್ಲ. ಅರಸನ ಶಿಕ್ಷೆಯನ್ನು ಅರಸನ ಕೈಯಿಂದ ಕಸಿದುಕೊಂಡು ತನ್ನ ನಿರಪರಾಧಿತ್ವವನ್ನು ಗೋಡೆಯ ಮೇಲೆ ಬರೆದನು. ಇವೆರಡರಲ್ಲಿಯೂ ಕಣ್ಣು ಪಾಪದ ಮೂಲವಲ್ಲ. ಯೇಸುವಿನ ಮಾತಿನಲ್ಲಿ ಮಾತ್ರ ಕಣ್ಣು ರೋಗಗ್ರಸ್ತ ಅಂಗ. ಅದನ್ನು ಕೀಳುವುದು ಚಿಕಿತ್ಸೆ. ಕಾಣಿಕೆ, ಸಾಕ್ಷ್ಯ, ಚಿಕಿತ್ಸೆ ಎಂಬ ಈ ಮೂರು ಬೇರೆ ಬೇರೆ ವ್ಯಾಕರಣಗಳು. ಮೊದಲ ಎರಡು ವಾಚ್ಯಾರ್ಥದಲ್ಲಿ ಪೂರ್ಣವಾಗುತ್ತವೆ, ಏಕೆಂದರೆ ಕಣ್ಣು ಕೊಟ್ಟ ಕೂಡಲೇ ಕಾಣಿಕೆ ಸಂದಿತು, ಸಾಕ್ಷ್ಯ ನುಡಿಯಿತು. ಮೂರನೆಯದು ವಾಚ್ಯಾರ್ಥದಲ್ಲಿ ಸೋಲುತ್ತದೆ. ಬಲಗಣ್ಣು ಹೋದರೂ ಎಡಗಣ್ಣು ನೋಡುತ್ತದೆ. ಎರಡೂ ಹೋದರೂ ಬಯಕೆ ಉಳಿಯುತ್ತದೆ.

ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಇದು ಲಕ್ಷಣೆಯ ಸ್ಪಷ್ಟ ಸಂದರ್ಭ. ಮಮ್ಮಟನು ಲಕ್ಷಣೆಗೆ ಹೇಳುವ ಮೂರು ನಿಮಿತ್ತಗಳು ಮುಖ್ಯಾರ್ಥಬಾಧೆ, ಮುಖ್ಯಾರ್ಥದೊಡನೆ ಸಂಬಂಧ ಮತ್ತು ರೂಢಿ ಅಥವಾ ಪ್ರಯೋಜನ. ಪರ್ವತಪ್ರಸಂಗದಲ್ಲಿ ಈ ವಾಕ್ಯಕ್ಕೆ ತುಸು ಮುಂಚೆಯೇ ವ್ಯಭಿಚಾರ ಹೃದಯದಲ್ಲಿ ನಡೆಯುವುದೆಂದು ಹೇಳಲಾಗಿದೆ. ಮಾರ್ಕನ ೭ನೆಯ ಅಧ್ಯಾಯವೂ ಮನುಷ್ಯನನ್ನು ಕೆಡಿಸುವುದು ಒಳಗಿನಿಂದ ಹೊರಡುವುದೆಂದು ವಿವರಿಸುತ್ತದೆ. ದೋಷ ಹೃದಯದಲ್ಲಿರುವಾಗ ಕಣ್ಣನ್ನು ಕಿತ್ತರೆ ದೋಷ ನೀಗದು, ಇದೇ ಮುಖ್ಯಾರ್ಥಬಾಧೆ. ಕಣ್ಣಿಗೂ ಬಯಕೆಗೂ ಇರುವ ದ್ವಾರದ್ವಾರಿ ಭಾವವೇ ಸಂಬಂಧ. ಪ್ರಯೋಜನವೋ, ತ್ಯಾಗದ ನೋವು ಅಂಗಚ್ಛೇದದಷ್ಟು ತೀವ್ರವಾಗಿರುತ್ತದೆ ಎಂಬುದರ ಪ್ರತೀತಿ. ಮೊದಲ ಶತಮಾನದ ಯೆಹೂದಿ ಶ್ರೋತೃವಿಗೆ ಇನ್ನೂ ಒಂದು ಬಾಧೆ ಗೋಚರವಾಗುತ್ತಿತ್ತು. ಧರ್ಮೋಪದೇಶಕಾಂಡ ದೇಹವನ್ನು ಗಾಯಮಾಡಿಕೊಳ್ಳುವುದನ್ನು ನಿಷೇಧಿಸುತ್ತದೆ. ಆ ನಿಷೇಧವನ್ನು ಬಲ್ಲವನು ಈ ಮಾತನ್ನು ಆದೇಶವೆಂದು ತಿಳಿಯುವುದು ಕಷ್ಟ.

ಆದರೂ ವಾಚ್ಯಾರ್ಥದ ಸೆಳೆತ ಸುಲಭವಾಗಿ ಬಿಡಲಿಲ್ಲ. ಮೂರನೆಯ ಶತಮಾನದ ಮಹಾವ್ಯಾಖ್ಯಾನಕಾರ ಒರಿಗೆನ್ ತಾರುಣ್ಯದಲ್ಲಿ ಮತ್ತಾಯ ೧೯ರ ನಪುಂಸಕವಾಕ್ಯವನ್ನು ವಾಚ್ಯವಾಗಿ ತೆಗೆದುಕೊಂಡು ತನ್ನನ್ನು ತಾನು ಊನಗೊಳಿಸಿಕೊಂಡನೆಂದು ಚರ್ಚಿನ ಇತಿಹಾಸಕಾರ ಯುಸೇಬಿಯಸ್ ದಾಖಲಿಸಿದ್ದಾನೆ. ಅದೇ ಒರಿಗೆನ್ ಮುಂದೆ ಮತ್ತಾಯನ ವ್ಯಾಖ್ಯಾನದಲ್ಲಿ ಅಂಥ ಓದನ್ನು ನಿರಾಕರಿಸಿದನು. ೩೨೫ರ ನೈಸಿಯ ಸಭೆಯ ಮೊದಲ ನಿಯಮವೇ ಸ್ವೇಚ್ಛೆಯಿಂದ ಅಂಗಚ್ಛೇದ ಮಾಡಿಕೊಂಡವರನ್ನು ಪುರೋಹಿತಪದವಿಯಿಂದ ದೂರವಿಟ್ಟಿತು. ಕ್ರಿಸೋಸ್ಟೊಮ್ ಮತ್ತು ಅಗಸ್ಟೀನ್ ಬಲಗಣ್ಣನ್ನು ಕಣ್ಣಿನಷ್ಟೇ ಪ್ರಿಯನಾದ, ಆದರೆ ಕೇಡಿಗೆ ಎಳೆಯುವ ಆಪ್ತನೆಂದು ವಿವರಿಸಿದರು. ಹೀಗೆ ಚರ್ಚೆ ದೇಹದಿಂದ ಸಂಬಂಧಗಳ ಕಡೆಗೆ ಹೊರಳಿತು.

ಕನ್ನಡದ ಚಿಂತನೆಯಲ್ಲಿ ಈ ಹೊರಳಿಗೆ ಸಮಾನಾಂತರವಿದೆ. ಅಲ್ಲಮಪ್ರಭು ಮಾಯೆಯನ್ನು ಹೊರಗಿನ ವಸ್ತುಗಳಲ್ಲಿ ಗುರುತಿಸದೆ ಮನಸ್ಸಿನ ಆಸೆಯಲ್ಲಿ ಗುರುತಿಸಿದನು. ವಜ್ರದೇಹದ ಗೋರಕ್ಷನೊಡನೆ ಅವನು ನಡೆಸಿದನೆನ್ನಲಾದ ಸಂವಾದದಲ್ಲಿ ದೇಹದ ಸಾಧನೆಯೇ ಸಿದ್ಧಿಯಲ್ಲವೆಂಬುದು ತೀರ್ಮಾನ. ಕಣ್ಣಪ್ಪನ ಪರಂಪರೆಯನ್ನೂ ಅಲ್ಲಮನ ಪರಂಪರೆಯನ್ನೂ ಒಟ್ಟಿಗೆ ಪಡೆದ ಕನ್ನಡ ಶ್ರೋತೃವಿಗೆ ಲಾಕ್ಷಣಿಕ ಓದು ಪಾದ್ರಿಗಳಿಂದ ಕಡ ತಂದ ಸಲಕರಣೆಯಾಗಬೇಕಿಲ್ಲ. ಆದರೆ ಒಂದು ಎಚ್ಚರ ಬೇಕು. ಎಲ್ಲವನ್ನೂ ಮನಸ್ಸಿಗೆ ಒಪ್ಪಿಸಿಬಿಟ್ಟರೆ ವಾಕ್ಯ ಹಗುರವಾಗುತ್ತದೆ. ಪ್ರಯೋಜನಲಕ್ಷಣೆಯಲ್ಲಿ ಮುಖ್ಯಾರ್ಥ ಪೂರ್ತಿ ಅಳಿಯುವುದಿಲ್ಲ. ಅದರ ತೀಕ್ಷ್ಣತೆ ಉಳಿದರೆ ಮಾತ್ರ ಪ್ರಯೋಜನ ಸಿದ್ಧಿಸುತ್ತದೆ. ಯಾವುದನ್ನೂ ಕಳೆದುಕೊಳ್ಳದೆ ಮಾಡುವ ಆಂತರಿಕ ಶುದ್ಧಿ ಈ ವಾಕ್ಯದ ಅರ್ಥವಲ್ಲ.

ಹಾಗಾದರೆ ಕತ್ತರಿಸಬೇಕಾದದ್ದು ಯಾವುದು? ಇಲ್ಲಿಯೇ ಈ ಓದು ಸಾಮಾಜಿಕ ಪರಿಣಾಮವುಳ್ಳದ್ದಾಗುತ್ತದೆ. ಮತ್ತಾಯನ ೧೮ನೆಯ ಅಧ್ಯಾಯದ ಸಂದರ್ಭ ಸಭೆಯ ಜೀವನದ್ದು. ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಸಭೆಯನ್ನು ಅನೇಕ ಅಂಗಗಳ ಒಂದು ದೇಹವೆಂದು ಕರೆಯುತ್ತಾನೆ. ಇವೆರಡನ್ನು ಜೋಡಿಸಿದರೆ ‘ಅಂಗವನ್ನು ಕಡಿ’ ಎಂಬುದು ‘ತಪ್ಪಿತಸ್ಥನನ್ನು ಹೊರಹಾಕು’ ಎಂದು ಓದಲ್ಪಡುವುದು ಸಹಜ. ರಾಯಲಸೀಮೆಯ ಕ್ರೈಸ್ತ ಸಮುದಾಯಗಳ ಬಹುಭಾಗ ಮಾಲ ಮತ್ತು ಮಾದಿಗ ಹಿನ್ನೆಲೆಯವು. ಊರಿನ ದೇಹದಿಂದ ಶತಮಾನಗಳ ಕಾಲ ಕಡಿದಿಡಲ್ಪಟ್ಟು, ಕೇರಿಯಲ್ಲಿ ನೆಲೆಸಿದ ಜನರಿವರು. ೧೯೫೦ರ ಪರಿಶಿಷ್ಟ ಜಾತಿಗಳ ಆದೇಶ ಕ್ರೈಸ್ತರಾದ ದಲಿತರನ್ನು ಆ ಪಟ್ಟಿಯ ಹೊರಗಿಟ್ಟಿತು. ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ದೊರೆತ ಸೇರ್ಪಡೆ ಇವರಿಗೆ ದೊರೆಯಲಿಲ್ಲ. ಆಂಧ್ರಪ್ರದೇಶದಲ್ಲಿ ಇವರನ್ನು ಹಿಂದುಳಿದ ವರ್ಗಗಳ ‘ಸಿ’ ಗುಂಪಿನಲ್ಲಿ ಇರಿಸಲಾಗಿದೆ. ಊರಿನಿಂದಲೂ ಕಾಗದದಿಂದಲೂ ಛೇದನಗೊಂಡವರಿಗೆ ಛೇದನದ ರೂಪಕವನ್ನು ಬೋಧಿಸುವಾಗ, ಅದು ಯಾರ ಕೈಯಲ್ಲಿರುವ ಕತ್ತಿ ಎಂಬ ಪ್ರಶ್ನೆಯನ್ನು ತಪ್ಪಿಸಲಾಗದು.

ಆ ಪ್ರಶ್ನೆಗೆ ಅಧ್ಯಾಯದ ರಚನೆಯೇ ಉತ್ತರ ಕೊಡುತ್ತದೆ. ಅಂಗಚ್ಛೇದದ ವಾಕ್ಯಕ್ಕೆ ಮುಂಚೆ, ಚಿಕ್ಕವರಲ್ಲಿ ಒಬ್ಬನನ್ನು ಸಿಕ್ಕಿಸಿದವನಿಗೆ ಬೀಸುವ ಕಲ್ಲನ್ನು ಕೊರಳಿಗೆ ಕಟ್ಟುವ ಎಚ್ಚರಿಕೆಯಿದೆ. ಅನಂತರ, ಚಿಕ್ಕವರನ್ನು ತಾತ್ಸಾರ ಮಾಡಬೇಡಿರೆಂಬ ಮಾತೂ, ತೊಂಬತ್ತೊಂಬತ್ತನ್ನು ಬಿಟ್ಟು ತಪ್ಪಿಸಿಕೊಂಡ ಒಂದು ಕುರಿಯನ್ನು ಹುಡುಕುವ ಕುರುಬನ ಸಾಮ್ಯವೂ ಬರುತ್ತವೆ. ನಡುವೆ ಇರುವ ಕತ್ತಿ ಚಿಕ್ಕವರ ಮೇಲೆ ಬೀಳಲಾರದು. ಅದು ಬೀಳಬೇಕಾದುದು ಚಿಕ್ಕವರನ್ನು ಎಡವಿಸುವ ಕೈ, ತಾತ್ಸಾರದಿಂದ ನೋಡುವ ಕಣ್ಣು ಮತ್ತು ಅವರಿಂದ ದೂರ ಸರಿಯುವ ಕಾಲಿನ ಮೇಲೆ. ಅಂದರೆ ಅಧಿಕಾರವುಳ್ಳವನ ಸ್ವಂತ ಅಭ್ಯಾಸಗಳ ಮೇಲೆ. ವಾಕ್ಯದಲ್ಲಿ ಕಡಿಯುವವನೂ ಕಡಿಯಲ್ಪಡುವ ಅಂಗದ ಒಡೆಯನೂ ಒಬ್ಬನೇ ಎಂಬುದು ವ್ಯಾಕರಣದ ಸಾಮಾನ್ಯ ಸಂಗತಿಯಂತೆ ತೋರಿದರೂ ವ್ಯಾಖ್ಯಾನಕ್ಕೆ ಅದೇ ನಿರ್ಣಾಯಕ. ಇನ್ನೊಬ್ಬನ ಕಣ್ಣನ್ನು ಕೀಳುವ ಅಧಿಕಾರವನ್ನು ಈ ವಾಕ್ಯ ಯಾರಿಗೂ ಕೊಡುವುದಿಲ್ಲ.

ಈ ಬೆಳಕಿನಲ್ಲಿ ಲೇಪಾಕ್ಷಿಯ ಗೋಡೆಯೂ ಸುವಾರ್ತೆಯೂ ಒಂದು ಅಂಶದಲ್ಲಿ ಸಂಧಿಸುತ್ತವೆ. ವಿರೂಪಣ್ಣನ ಕಥೆಯಲ್ಲಿ ಜನ ನೆನಪಿಟ್ಟುಕೊಂಡದ್ದು ಅರಸನ ಆಜ್ಞೆಯ ಅನ್ಯಾಯವನ್ನು. ಇನ್ನೊಬ್ಬರ ಕಣ್ಣಿನ ಮೇಲೆ ಅಧಿಕಾರ ಚಲಾಯಿಸುವವನ ವಿರುದ್ಧ ಆ ಕಲೆ ಸಾಕ್ಷಿ ನಿಂತಿದೆ. ಸುವಾರ್ತೆಯ ವಾಕ್ಯವೂ ಕತ್ತಿಯನ್ನು ಪರರ ಕಡೆಯಿಂದ ತನ್ನ ಕಡೆಗೆ ತಿರುಗಿಸುತ್ತದೆ. ಕನ್ನಡದ ‘ಸಿಕ್ಕಿಸು’ ಎಂಬ ಕ್ರಿಯಾಪದವನ್ನು ಉಳಿಸಿಕೊಂಡು ಓದಿದರೆ, ಹಿಂದೂಪುರ–ಕಲ್ಯಾಣದುರ್ಗಗಳ ದ್ವಿಭಾಷಿಕ ಸಭೆಗಳಿಗೆ ಈ ಮಾತು ದೇಹದಂಡನೆಯ ಶಾಸನವಾಗಿಯೂ ಬಹಿಷ್ಕಾರದ ಪರವಾನಗಿಯಾಗಿಯೂ ಉಳಿಯುವುದಿಲ್ಲ. ತಾನು ಒಡ್ಡಿದ ಬಲೆಯಲ್ಲಿ ಇನ್ನೊಬ್ಬರು ಸಿಕ್ಕದಂತೆ, ನಷ್ಟವನ್ನು ತಾನೇ ಹೊತ್ತು ಆ ಬಲೆಯನ್ನು ಕತ್ತರಿಸುವ ಹೊಣೆಯಾಗಿ ಅದು ಅರ್ಥವಾಗುತ್ತದೆ. ತೆಲುಗು ಪಾಠದ ಪಕ್ಕದಲ್ಲಿ ಕನ್ನಡ ಪಾಠವನ್ನೂ ಓದಿಕೊಂಡು ಬರುವುದರ ಬೆಲೆ ಭಾಷಾಭಿಮಾನದ್ದಷ್ಟೇ ಅಲ್ಲ ಎಂಬುದಕ್ಕೆ ಈ ಒಂದು ಪದವೇ ನಿದರ್ಶನ.