ಲೆಸೊಥೊ ಅಣೆಕಟ್ಟೆಯ ಗುತ್ತಿಗೆ ಕಥೆ



ಸಂಘದ ಗೋದಾಮು ಇರಲಿ, ಊರ ಕೆರೆ ಏರಿ ಇರಲಿ, ಟೆಂಡರು ಅಂದ ಕೂಡಲೇ ನಮ್ಮಲ್ಲಿ ಏಳುವ ಮೊದಲ ಮಾತು "ಯಾರು ಎಷ್ಟು ತಿಂದ್ರು?" ಎಂಬುದು. ಕೊಟ್ಟವನು ಯಾರು ಅಂತ ಯಾರೂ ಕೇಳೋದಿಲ್ಲ. ಹಾಗೆ ಕೇಳಿದ ಒಂದು ಬಡ ದೇಶದ ಇತಿಹಾಸವನ್ನು ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ತಮ್ಮ ಮುಂದೆ ಇಡಬಯಸುತ್ತೇವೆ.

ಲೆಸೊಥೊ ಆಫ್ರಿಕಾ ಖಂಡದ ಗುಡ್ಡಗಾಡು ದೇಶ. ನಾಲ್ಕೂ ಕಡೆ ದಕ್ಷಿಣ ಆಫ್ರಿಕಾ ಸುತ್ತುವರಿದಿದೆ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಆರನೇ ಒಂದು ಪಾಲೂ ಇಲ್ಲ. ಅಲ್ಲಿ ದುಡ್ಡಿಲ್ಲ, ನೀರಿದೆ. ಆ ನೀರನ್ನು ಸುರಂಗದ ಮೂಲಕ ಜೋಹಾನ್ಸ್‌ಬರ್ಗ್ ಕಡೆಗೆ ಹರಿಸಿ ಹಣ ಪಡೆಯಲು 1986ರಲ್ಲಿ ಎರಡೂ ದೇಶಗಳ ಒಪ್ಪಂದವಾಯಿತು. 185 ಮೀಟರ್ ಎತ್ತರದ ಕಾಟ್ಸೆ ಅಣೆಕಟ್ಟೆ ಎದ್ದಿತು. ವಿಶ್ವಬ್ಯಾಂಕೂ ಸಾಲ ಕೊಟ್ಟಿತು. ಹೊಲ, ಹುಲ್ಲುಗಾವಲು ಮುಳುಗಿದ್ದು ಮಾತ್ರ ಅಲ್ಲಿನ ರೈತರದು. ಮುಳುಗಡೆ ಅಂದ್ರೆ ಏನು ಅಂತ ನಮ್ಮ ಆಲಮಟ್ಟಿ ಕಡೆಯ ಜನಕ್ಕೆ ಹೇಳಬೇಕಾಗಿಲ್ಲ.

ಕೆಲಸ ಹಿಡಿಯಲು ಯೂರೋಪು, ಕೆನಡಾಗಳಿಂದ ಕಂಪನಿಗಳು ಬಂದವು. ಯೋಜನಾ ಪ್ರಾಧಿಕಾರದ ಮುಖ್ಯಾಧಿಕಾರಿ ಮಸುಫಾ ಸೋಲೆ ಎಂಬಾತ. ಲಂಚ ನೇರ ಕೈಗೆ ಬರಲಿಲ್ಲ. ಕಂಪನಿಯವರು "ಪ್ರತಿನಿಧಿ" ಅಂತ ಒಬ್ಬನನ್ನು ನೇಮಿಸೋದು, ಅವನಿಗೆ ಕಮಿಷನ್ ಕೊಡೋದು, ಅವನು ಅದರಲ್ಲಿ ಪಾಲನ್ನು ಸ್ವಿಟ್ಜರ್ಲೆಂಡಿನ ಬ್ಯಾಂಕುಗಳ ಮೂಲಕ ಸೋಲೆಗೆ ಮುಟ್ಟಿಸೋದು. ಕಾಗದದ ಮೇಲೆ ಎಲ್ಲಾ ಸರಿ. ಟೆಂಡರು ಲಕೋಟೆಗೆ ಎಷ್ಟು ಅರಗು ಹಾಕಿ ಮೊಹರು ಮಾಡಿದ್ರೂ ಈ ಕಿಂಡಿ ಮುಚ್ಚೋದಿಲ್ಲ. ಆ ಕಮಿಷನ್ನನ್ನು ಕಂಪನಿ ತನ್ನ ಮನೆಯಿಂದ ತರುತ್ತದೆಯೇ? ದರದಲ್ಲೇ ಸೇರಿಸುತ್ತದೆ.

ಸ್ವಿಸ್ ಬ್ಯಾಂಕುಗಳ ದಾಖಲೆ ಲೆಸೊಥೊ ಸರ್ಕಾರದ ಕೈಸೇರಿ ಮೊಕದ್ದಮೆ ನಡೆಯಿತು. 2002ರಲ್ಲಿ ಸೋಲೆಗೆ 18 ವರ್ಷ ಸಜೆ. ಮೇಲ್ಮನವಿಯಲ್ಲಿ ಅದು 15ಕ್ಕೆ ಇಳಿಯಿತು. ಬೇರೆ ಕಡೆಯಾಗಿದ್ರೆ ಇಲ್ಲಿಗೆ ಫೈಲು ಮುಚ್ಚಿಬಿಡ್ತಿದ್ರು. ಲೆಸೊಥೊ ಬಿಡಲಿಲ್ಲ. ಇಂಜಿನಿಯರಿಂಗ್ ಸಲಹೆಯ ಗುತ್ತಿಗೆ ಹಿಡಿದಿದ್ದ ಕೆನಡಾದ ಏಕರ್ಸ್ ಕಂಪನಿಯೂ ಅಪರಾಧಿ ಎಂದು ಅದೇ ವರ್ಷ ಅಲ್ಲಿನ ನ್ಯಾಯಾಲಯ ತೀರ್ಪಿತ್ತು ದಂಡ ಹಾಕಿತು. ಮರುವರ್ಷ ಜರ್ಮನಿಯ ಲಾಮೇಯರ್ ಕಂಪನಿಯ ಸರದಿ. ಮೊದಲು ಏಕರ್ಸ್ ವಿರುದ್ಧ ಸಾಕ್ಷ್ಯ ಸಾಲದು ಎಂದಿದ್ದ ವಿಶ್ವಬ್ಯಾಂಕು, ಈ ತೀರ್ಪಿನ ನಂತರ 2004ರಲ್ಲಿ ಅದನ್ನು ಮೂರು ವರ್ಷ ತನ್ನ ಗುತ್ತಿಗೆಗಳಿಂದ ಹೊರಗಿಟ್ಟಿತು. ಸಾಲ ಕೊಟ್ಟ ದೊಡ್ಡವರಿಗಿಂತ ಸಾಲ ಪಡೆದ ಚಿಕ್ಕವರೇ ಗಟ್ಟಿಗರಾದರು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ದೇಶದ ಭ್ರಷ್ಟಾಚಾರ ತಡೆ ಕಾಯ್ದೆಗೂ 2018ರಲ್ಲಿ ತಿದ್ದುಪಡಿಯಾಗಿ, ಲಂಚ ಕೊಡುವವರು, ಅದರಲ್ಲೂ ಕಂಪನಿಗಳು, ನೇರವಾಗಿ ಅಪರಾಧಿಗಳಾಗುತ್ತಾರೆ. ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ಶಿಕ್ಷೆ ಇಲ್ಲ. ಈ ಏಳು ದಿನದ ವಿಷಯ ನಮ್ಮ ಸದಸ್ಯರಲ್ಲಿ ಬಹಳ ಜನಕ್ಕೆ ಗೊತ್ತಿರಲಾರದು ಅಂತಲೇ ಇಲ್ಲಿ ಬರೆದಿದ್ದೇವೆ.