ಒಣಬಾಡಿನ ಚರಿತ್ರೆ

ದೇವರ ಎಡೆಗೆ ಬಿಟ್ಟ ಅಕ್ಕಿಯ ಲೆಕ್ಕ ಕಲ್ಲಿನ ಶಾಸನದಲ್ಲಿದೆ. ಕೇರಿಯವರು ಉಂಡದ್ದು ಎಲ್ಲಿದೆ? ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಓದಿದ ಯಾವ ಚರಿತ್ರೆ ಪುಸ್ತಕದಲ್ಲೂ ಅಂಗಳದ ಹಗ್ಗಕ್ಕೆ ಇಳಿಬಿಟ್ಟ ದನದ ಬಾಡಿನ ಸುದ್ದಿಯಿಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು.

ಮೊದಲು ಕೆಲಸ ನೋಡಿ. ಮೂಳೆ ಬಿಡಿಸಿದ ಬಾಡನ್ನು ಎಳೆಯ ಉದ್ದಕ್ಕೇ ತೆಳ್ಳಗೆ ಸೀಳಬೇಕು. ದಪ್ಪವಾದರೆ ಹೊರಗೆ ಒಣಗಿ ಒಳಗೆ ಕೊಳೀತದೆ. ಉಪ್ಪು, ಅರಿಶಿನ, ಖಾರದಪುಡಿ ಸವರಿ ಹಗ್ಗಕ್ಕೆ ಹಾಕಬೇಕು. ಉಪ್ಪು ನೀರೆಳೀತದೆ, ಬಿಸಿಲು ಗಾಳಿ ಅದನ್ನು ಕುಡೀತವೆ. ನೀರಿಲ್ಲದ ಕಡೆ ಕೊಳೆಸುವ ಜೀವಾಣು ಬೆಳೆಯೋದಿಲ್ಲ. ಕಾಗೆ ನಾಯಿ ಓಡಿಸೋಕೆ ಒಬ್ಬರು ಕೋಲು ಹಿಡಿದು ಕೂತಿರಬೇಕು. ಸಂಜೆ ಒಳಕ್ಕೆ ತಂದು ಒಲೆಯ ಮೇಲೆ ಹೊಗೆಗೆ ಕಟ್ಟಬೇಕು. ಮೂರು ನಾಲ್ಕು ಬಿಸಿಲು ಕಂಡು ಕಡ್ಡಿಯ ಹಾಗೆ ಸೆಟೆದ ಮೇಲೆ ಗಡಿಗೆಗೆ ತುಂಬಿ ಬಾಯಿ ಕಟ್ಟಿದರೆ, ಸೋನೆ ಹಿಡಿದು ಕೂಲಿ ನಿಂತ ದಿನ ಹುರುಳಿ ಸಾರಿಗೆ ನಾಲ್ಕು ತುಂಡು. ಇದು ವಿಜ್ಞಾನ ಅಲ್ವಾ? ಇದನ್ನು ಕಲಿಸಿದ ಅವ್ವಂದಿರಿಗೆ ಯಾರು ಯಾವ ಪದವಿ ಕೊಟ್ಟರು?

ದಕ್ಷಿಣ ಆಫ್ರಿಕಾದಲ್ಲಿ ವಿನೆಗರ್, ಉಪ್ಪು, ಕೊತ್ತಂಬರಿ ಬೀಜ ಹಚ್ಚಿ ಒಣಗಿಸಿದರೆ ಅದು ಬಿಲ್ಟಾಂಗ್. ಟರ್ಕಿಯ ಕೈಸೇರಿಯಲ್ಲಿ ಮೆಂತ್ಯ, ಬೆಳ್ಳುಳ್ಳಿ, ಮೆಣಸಿನಪುಡಿ ಮೆತ್ತಿದರೆ ಪಾಸ್ಟಿರ್ಮಾ. ಅಲ್ಲಿ ಅದನ್ನು ಅಂಗಡಿಯಲ್ಲಿ ತೂಗುಹಾಕಿ ಹೆಮ್ಮೆಯಿಂದ ಮಾರ್ತಾರೆ. ಇಲ್ಲಿ ಮಾತ್ರ ಅದೇ ಬಾಡು ನಮ್ಮ ಜಾತಿ ಹೇಳುವ ಗುರುತು.

ಯಾಕೆ? ಬಾಡು ಕೇರಿಗೆ ಬಂದ ದಾರಿ ನೋಡಿ. ಊರವರ ಕೊಟ್ಟಿಗೆಯಲ್ಲಿ ದನ ಸತ್ತರೆ ಹೊತ್ತು ಹಾಕೋದು ನಮ್ಮವರ ಬಿಟ್ಟಿಚಾಕರಿ. ಆ ಹೆಣವೇ ಕೂಲಿ. ಒಂದು ದಿನ ರಾಶಿ ಬಾಡು, ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಒಣಗಿಸೋದನ್ನು ಕಲಿಸಿದ್ದು ನಾಲಗೆಯ ಚಪಲ ಅಲ್ಲ, ಹಸಿವು.

1927ರ ಮಾರ್ಚ್ 19, 20ರ ಮಹಾಡ್ ಸಮ್ಮೇಳನದಲ್ಲಿ ಬಾಬಾಸಾಹೇಬರು ಸತ್ತ ದನದ ಬಾಡು ಬಿಡಿ ಅಂದರು. ಕೆಲವರು ಇದನ್ನು ಮಡಿಯ ಪಾಠ ಅಂತ ತಿರುಚುತ್ತಾರೆ. ಅಲ್ಲ. ಅದು ಗುಲಾಮಗಿರಿಯ ಕೂಲಿಯನ್ನು ಒದ್ದು ಬನ್ನಿ ಎಂಬ ಕರೆ. 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಅವರ ವಾದ ಇನ್ನೂ ಆಳಕ್ಕೆ ಹೋಯಿತು: ಒಂದು ಕಾಲಕ್ಕೆ ಬ್ರಾಹ್ಮಣರೂ ದನ ತಿನ್ನುತ್ತಿದ್ದರು. ಬೌದ್ಧರ ಮೇಲೆ ಮೇಲುಗೈ ಪಡೆಯಲು ಬಿಟ್ಟರು. ಊರಾಚೆ ಬದುಕಿದ್ದ, ಬೌದ್ಧರಾಗಿ ಉಳಿದ ಚದುರಿದ ಜನ ಬಿಡಲಿಲ್ಲ. ಅವರೇ ಅಸ್ಪೃಶ್ಯರಾದರು.

ಹೊರು ಅಂದರು, ಹೊತ್ತೆವು. ತಿಂದದ್ದಕ್ಕೆ ಮುಟ್ಟಬೇಡ ಅಂದರು. ಆಮೇಲೆ ತಿನ್ನಲೇಬೇಡ ಅನ್ನೋಕೆ ಕಾಯ್ದೆ ಬಂತು. ಕರ್ನಾಟಕದ 1964ರ ಕಾಯ್ದೆ ಹಸು ಕರುವಿನ ವಧೆ ನಿಷೇಧಿಸಿದರೂ 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಕ್ಕೆ ದಾರಿ ಬಿಟ್ಟಿತ್ತು. 2020ರ ಕಾಯ್ದೆ ಎತ್ತಿನ ದಾರಿಯನ್ನೂ ಮುಚ್ಚಿತು. 13 ವರ್ಷ ದಾಟಿದ ಎಮ್ಮೆ ಕೋಣ ಮಾತ್ರ ಉಳಿದವು. ತಪ್ಪಿದರೆ 3ರಿಂದ 7 ವರ್ಷ ಜೈಲು ಎಂದಿತು.

ಹೊತ್ತವರಿಗೂ ಏಟು ತಪ್ಪಲಿಲ್ಲ. 2016ರ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ, ಸತ್ತ ದನದ ಚರ್ಮ ಸುಲಿದ ದಲಿತ ಯುವಕರನ್ನು ಕಟ್ಟಿ ಹೊಡೆದರು. ಅಲ್ಲಿನ ದಲಿತರು ಅಳುತ್ತಾ ಕೂರಲಿಲ್ಲ. ಸತ್ತ ದನಗಳನ್ನು ತಂದು ಸುರೇಂದ್ರನಗರದ ಕಲೆಕ್ಟರ್ ಕಚೇರಿ ಮುಂದೆ ಸುರಿದರು. ಮಹಾಡಿನ ಕರೆಗೆ ಅದು ಉತ್ತರ.

ಹಳ್ಳಿ ಶಾಲೆಯ ಮೇಷ್ಟ್ರೇ, ಆಹಾರ ಕೆಡದಂತೆ ಇಡುವ ಪಾಠ ಮಾಡುವಾಗ ಹಪ್ಪಳ ಉಪ್ಪಿನಕಾಯಿಯ ಜೊತೆ ಒಣಬಾಡಿನ ಹೆಸರನ್ನೂ ಹೇಳಿ. ಹಿಂದಿನ ಸಾಲಿನ ಮಗು ತಲೆ ಎತ್ತಿ ನೋಡ್ತದೆ. ಬಿಟ್ಟಿ ಹೆಣ ಬೇಡ ಅಂದ ಜನ ನಾವು. ದುಡಿದ ದುಡ್ಡಲ್ಲಿ ನಮ್ಮ ಗಡಿಗೆಗೆ ಏನು ತುಂಬಬೇಕು ಅನ್ನೋದನ್ನು ನಾವೇ ತೀರ್ಮಾನಿಸ್ತೇವೆ.