ಕಳಸ-ಕಾರ್ಕಳ ರಾಜ್ಯದ ರಾಜಪುತ್ರಿಯರ ವಿವಾಹಸಂಬಂಧ

ಕಾರ್ಕಳದ ಚತುರ್ಮುಖ ಬಸದಿಯ ಶಾಸನವು ಶಾಲಿವಾಹನ ಶಕ 1508ನೆಯ ವ್ಯಯ ಸಂವತ್ಸರದ್ದು, ಎಂದರೆ ಕ್ರಿ. ಶ. 1586. ತ್ರಿಭುವನತಿಲಕವೆಂಬ ಈ ಜಿನಚೈತ್ಯಾಲಯವನ್ನು ಕಟ್ಟಿಸಿದ ಇಮ್ಮಡಿ ಭೈರರಸ ಒಡೆಯನ ಧರ್ಮಕಾರ್ಯವು ಸುವಿದಿತವಾಗಿದೆ. ಅದೇ ಶಾಸನದಲ್ಲಿ ಆತನ ತಾಯಿತಂದೆಗಳ ವಿಷಯವಾಗಿ ಬಂದಿರುವ ಮಾತು ಅಷ್ಟೇ ವಿಚಾರಾರ್ಹವಾದುದು.

ತಾಯಿಯ ಹೆಸರು ಗುಮ್ಮಟಾಂಬೆ. ಈಕೆ ಹಿರಿಯ ಭೈರವನ ಸೋದರಿ. ಈಕೆಯ ಪತಿ ವೀರನರಸಿಂಹ ವಂಗನರೇಂದ್ರನು ತುಳುನಾಡಿನ ಬಂಗ ಅರಸರ ಕುಲದವನು. ಹೀಗಿರಲಾಗಿ ಇವರ ಮಗನು ಬಂಗರ ಗದ್ದಿಗೆಗೆ ಬಾಧ್ಯನಾಗಬೇಕೆಂದು ಯಾರಿಗಾದರೂ ತೋರುವುದು ಸಹಜ. ಆತನು ಏರಿದುದಾದರೋ ಸೋದರಮಾವನ ಪಟ್ಟವನ್ನು. ಧರಿಸಿದ ಬಿರುದುಗಳೂ ಮಾವನ ಕುಲದವೇ: ಜಿನದತ್ತರಾಯನ ವಂಶೋದ್ಭವ, ಪೊಂಬುಚ್ಚಪುರಾಧೀಶ್ವರ. ತಂದೆಯ ಹೆಸರನ್ನು ಶಾಸನವು ಮರೆಮಾಡಿಲ್ಲ. ರಾಜ್ಯವು ಮಾತ್ರ ತಾಯಿಯಿಂದ ಬಂದುದು.

ಇದು ಅಳಿಯಸಂತಾನದ ಕ್ರಮವೆಂದು ಹೇಳಿ ಮುಗಿಸಬಹುದು. ಆದರೆ ಧರ್ಮಶಾಸ್ತ್ರವನ್ನು ಓದಿದವರಿಗೆ ಇಲ್ಲೊಂದು ಶಂಕೆ ಹುಟ್ಟುತ್ತದೆ. ಪುತ್ರಿಕಾಪುತ್ರನೆಂಬುವನು ಮನುವಿಗೂ ಯಾಜ್ಞವಲ್ಕ್ಯನಿಗೂ ಸಮ್ಮತನಾದವನಷ್ಟೆ. ಇಮ್ಮಡಿ ಭೈರವನೂ ಹಾಗೆಯೇ ಏಕಾಗಬಾರದು? ಆಗಲಾರನು. ಗಂಡುಸಂತಾನವಿಲ್ಲದ ತಂದೆಯು ಮಗಳನ್ನು ಪುತ್ರಿಕೆಯಾಗಿ ನಿಯಮಿಸುತ್ತಾನೆ. ಅವಳ ಮಗನು ಮಾತಾಮಹನಿಗೆ ಪಿಂಡವನ್ನು ಕೊಡುತ್ತಾನೆ. ಗುಮ್ಮಟಾಂಬೆಗಾದರೋ ಸೋದರನಿದ್ದನು, ಆ ಸೋದರನೇ ಅರಸನಾಗಿದ್ದನು. ಆದುದರಿಂದ ಇದು ಆಪತ್ಕಾಲಕ್ಕೆಂದು ಕಲ್ಪಿಸಿದ ಉಪಾಯವಲ್ಲ, ಮನೆತನದ ನಡೆವಳಿಯೇ. ವಿವಾಹದಿಂದ ಕನ್ಯೆಯು ಪತಿಯ ಗೋತ್ರವನ್ನು ಸೇರುವಳೆಂಬ ಸ್ಮೃತಿಮತವು ಈ ಮನೆಯ ಹೊಸ್ತಿಲಲ್ಲಿಯೇ ನಿಂತುಬಿಟ್ಟಿತು. ಮಿತಾಕ್ಷರೆಯು ಹುಟ್ಟಿದುದು ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ, ಇದೇ ಕನ್ನಡನಾಡಿನಲ್ಲಿ, ಎಂಬುದನ್ನು ನೆನೆದರೆ ವಿನೋದವೆನಿಸುತ್ತದೆ.

ಘಟ್ಟದ ಮೇಲೆ, ಭದ್ರಾತೀರದ ಕಳಸದ ಕಡೆಗೆ ಬಂದರೆ ಈ ಕುಲದ ಸ್ತ್ರೀಯರ ಸ್ಥಾನವು ಇನ್ನೂ ಸ್ಫುಟವಾಗುತ್ತದೆ. 13ನೆಯ ಶತಮಾನದಲ್ಲಿ ಜಾಕಲಮಹಾದೇವಿ, ಕಾಳಲಮಹಾದೇವಿ ಎಂಬಿಬ್ಬರು ರಾಣಿಯರು ಕಳಸದಿಂದ ರಾಜ್ಯವಾಳಿದರು. ಕೊಪ್ಪದ ಪ್ರಾಂತದ 1530ರ ಶಾಸನದಲ್ಲಿ ಕಾಳಲದೇವಿಯೆಂಬ ಬೇರೊಬ್ಬಳು ಬಗುಂಜಿ ಸೀಮೆಯನ್ನು ಆಳುತ್ತಿರುವುದಾಗಿ ಹೇಳಿದೆ. ಮಗಳು ರಾಮಾದೇವಿಯು ತೀರಿಕೊಂಡಾಗ ಈಕೆಯು ಕಲ್ಲಬಸದಿಯ ಪಾರ್ಶ್ವತೀರ್ಥಂಕರನಿಗೆ ದತ್ತಿಯನ್ನು ಬಿಟ್ಟಳು. ಅಲ್ಲಿ ಈಕೆಯ ಪರಿಚಯವು ವೀರಭೈರರಸ ಒಡೆಯನ ತಂಗಿಯೆಂದು. ಅಳಿಯಸಂತಾನದ ಮನೆಯಲ್ಲಿ ಮಗಳ ಮರಣವೆಂದರೆ ಮಾತೃಶೋಕವಷ್ಟೇ ಅಲ್ಲ, ಸಂತತಿಯ ಒಂದು ಕವಲು ಒಣಗಿದಂತೆ. ದತ್ತಿಯ ಶುಷ್ಕವಾದ ಮಾತುಗಳ ಹಿಂದೆ ಆ ನಷ್ಟವನ್ನೂ ಕಾಣಬೇಕು.

ಇಷ್ಟರಿಂದಲೇ ಈ ಪದ್ಧತಿಯು ಭೂತಾಳಪಾಂಡ್ಯನ ಕಾಲದಿಂದ ಅವಿಚ್ಛಿನ್ನವಾಗಿ ಬಂದಿತೆನ್ನುವ ಐತಿಹ್ಯವನ್ನು ಒಪ್ಪಬೇಕಾಗಿಲ್ಲ. ಹುಂಚದ ಸಾಂತರರಲ್ಲಿ ಪಟ್ಟವು ತಂದೆಯಿಂದ ಮಗನಿಗೆ ಬಂದುದುಂಟು. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ ವೀರಪಾಂಡ್ಯನನ್ನು ಅಲ್ಲಿಯ ಶಾಸನವು ಭೈರವೇಂದ್ರನ ಕುಮಾರನೆಂದೇ ಕರೆಯುತ್ತದೆ. ಒಂದೇ ಕುಲದಲ್ಲಿ ಎರಡು ಕ್ರಮಗಳ ಕುರುಹು ಇರುವಾಗ, ಅರಸರ ಹೆಸರುಗಳನ್ನು ತಂದೆಮಕ್ಕಳೆಂದು ಸಾಲಾಗಿ ಬರೆದು ವಂಶವೃಕ್ಷವನ್ನು ಸಿದ್ಧಪಡಿಸುವುದು ಸಾಹಸದ ಕೆಲಸ. ಪ್ರತಿಯೊಂದು ಪಟ್ಟಾಭಿಷೇಕದ ಹಿಂದೆಯೂ ಸೋದರಿಯೊಬ್ಬಳ ವಿವಾಹವಿತ್ತೇ ಎಂದು ಮೊದಲು ಕೇಳಬೇಕು.

ಅಂತಹ ವಿವಾಹದಲ್ಲಿ ಪತಿಯ ಅಧಿಕಾರವೆಷ್ಟು ಎಂಬುದಕ್ಕೆ ಬಂಗರಿಗೇ ಸಂಬಂಧಿಸಿದ ಇನ್ನೊಂದು ನಿದರ್ಶನವಿದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು 1623ರಲ್ಲಿ ತುಳುನಾಡಿಗೆ ಬಂದು ಉಳ್ಳಾಲದ ರಾಣಿಯನ್ನು ಕಂಡನು. ಬಂಗರಾಜನನ್ನು ವರಿಸಿದ್ದ ಈಕೆಯು ಮನಸ್ತಾಪದಿಂದ ಅವನನ್ನು ಬಿಟ್ಟು, ಅವನು ಕೊಟ್ಟಿದ್ದ ಒಡವೆಗಳನ್ನು ಹಿಂದಕ್ಕೆ ಕಳುಹಿಸಿದಳೆಂದು ಅವನ ಪತ್ರಗಳಿಂದ ತಿಳಿಯುತ್ತದೆ. ಒಡವೆಗಳು ಬಂಗರ ಮನೆಗೆ ಹಿಂದಿರುಗಿದುವು. ಉಳ್ಳಾಲವು ರಾಣಿಯದಾಗಿಯೇ ಉಳಿಯಿತು.